ಪಿಕಪ್‌ನ ಮೂತಿ ಎತ್ತಿಸುವ ಮುನ್ನ

ಶೋರೂಮಿನಿಂದ ಆಗಷ್ಟೇ ಹೊರಬಂದ ಪಿಕಪ್ಪನ್ನು ಪಕ್ಕದಿಂದ ನೋಡಿ. ಇಸುಜು ವಿ-ಕ್ರಾಸ್ ಇರಲಿ, ಟೊಯೊಟಾ ಹೈಲಕ್ಸ್ ಇರಲಿ, ಮುಂಭಾಗ ತುಸು ತಗ್ಗಿ ಹಿಂಭಾಗ ತುಸು ಎದ್ದು ನಿಂತಿರುತ್ತದೆ. ಮಾಲೀಕನ ಕಣ್ಣಿಗೆ ಇದು ಚುಚ್ಚುತ್ತದೆ. ಅಷ್ಟೊಂದು ಹಣ ಸುರಿದು ತಂದ ಗಾಡಿ ಬೈಸಿಕೊಂಡ ಹುಡುಗನ ಹಾಗೆ ತಲೆ ತಗ್ಗಿಸಿ ನಿಲ್ಲುವುದು ಯಾರಿಗೆ ಇಷ್ಟ? ಮುಂಭಾಗವನ್ನು ಎರಡು ಇಂಚು ಎತ್ತಿಸಿದರೆ ಗತ್ತು ಬರುತ್ತದೆ ಎಂದು ಯಾರೋ ಹೇಳುತ್ತಾರೆ, ಅದೂ ಕೆಲವೇ ಸಾವಿರ ರೂಪಾಯಿಗಳಲ್ಲಿ. ಪುಣೆಯಂಥ ಊರಿನಲ್ಲಿ ಈ ಆಸೆ ತೀರಿಸಿಕೊಳ್ಳುವುದು ಕಷ್ಟವಲ್ಲ. ನಾನಾ ಪೇಠೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಅಲ್ಲಿ ಹೊಂದುವಂಥದ್ದು ಸಿಗದಿದ್ದರೆ ಭೋಸರಿಯ ಯಾವುದಾದರೂ ಲೇತ್ ಅಂಗಡಿಯವರು ಅಲ್ಯೂಮಿನಿಯಂ ದಿಂಡನ್ನು ಕಡೆದು, ಗಾಡಿ ಎತ್ತರಿಸಲು ಸ್ಪ್ರಿಂಗಿನ ಬಳಿ ಸೇರಿಸುವ ಎರಡು ಬಿಲ್ಲೆ ಮಾಡಿಕೊಡುತ್ತಾರೆ.

ವಿಜಯಪುರ, ಕಲಬುರಗಿ, ಬಾಗಲಕೋಟೆಯ ಕಡೆಯಿಂದ ಬಂದು ಪಿಂಪ್ರಿ-ಚಿಂಚವಾಡ, ಭೋಸರಿ, ಚಾಕಣದ ಸುತ್ತ ನೆಲೆಸಿದ ನಮ್ಮವರಲ್ಲಿ ಪಿಕಪ್ ಇಟ್ಟವರು ಎರಡು ಬಗೆ. ವಾರವಿಡೀ ಸರಕು ಸಾಗಿಸುವವರು ಒಂದು ಬಗೆ. ವಾರದ ಕೊನೆಗೆ ತಾಮ್ಹಿಣಿ ಘಾಟ್, ವರಂಧಾ ಘಾಟ್ ಎಂದು ಹೊರಡುವವರು, ವರ್ಷಕ್ಕೆ ನಾಲ್ಕಾರು ಸಲ ಊರಿನ ಹೊಲಕ್ಕೆ ಗಾಡಿ ಇಳಿಸುವವರು ಇನ್ನೊಂದು ಬಗೆ. ಕೇಳುವ ಪ್ರಶ್ನೆ ಇಬ್ಬರದೂ ಒಂದೇ, ಆದರೆ ಉತ್ತರ ಒಂದೇ ಅಲ್ಲ. ಮೊದಲನೆಯವರಿಗೆ ಕೊಡಬೇಕಾದ ಉತ್ತರ ಚಿಕ್ಕದು: ಬೇಡ. ಎರಡನೆಯವರಿಗೆ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಮೊದಲು ಆ ತಗ್ಗಿದ ಮೂತಿಯ ವಿಚಾರ. ಪಿಕಪ್‌ನ ಹಿಂದಿನ ಸ್ಪ್ರಿಂಗ್‌ಗಳು ಖಾಲಿ ಗಾಡಿಗಾಗಿ ಮಾಡಿದವಲ್ಲ. ಹಿಂದೆ ಈರುಳ್ಳಿ ಚೀಲವೋ ದ್ರಾಕ್ಷಿ ಪೆಟ್ಟಿಗೆಯೋ ಏರಿದಾಗ ಹಿಂಭಾಗ ಕೆಲವು ಇಂಚು ಇಳಿದು ಗಾಡಿ ಸಮವಾಗಬೇಕು ಎಂಬುದು ತಯಾರಕರ ಲೆಕ್ಕ. ಖಾಲಿ ಇದ್ದಾಗ ಎದ್ದು ಕಾಣುವ ಆ ಹಿಂಭಾಗ ಭಾರಕ್ಕೆಂದು ಮುಂಗಡವಾಗಿ ಕಾಯ್ದಿರಿಸಿದ ಎತ್ತರ. ಮುಂಭಾಗವನ್ನು ಎತ್ತಿ ಖಾಲಿ ಗಾಡಿಯನ್ನು ಸಮ ಮಾಡಿದರೆ, ಭಾರ ಹೇರಿದ ದಿನ ಅದೇ ಗಾಡಿ ಆಕಾಶ ನೋಡುತ್ತದೆ. ಮುಂದಿನ ಗಾಲಿಗಳ ಮೇಲಿನ ಒತ್ತಡ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ, ಎದುರಿನಿಂದ ಬರುವವರ ಕಣ್ಣಿಗೆ ಹೆಡ್‌ಲೈಟ್ ಕುಕ್ಕುತ್ತದೆ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಆ ಉದ್ದನೆಯ ಇಳಿಜಾರನ್ನು ಭಾರದ ಗಾಡಿಯಲ್ಲಿ ಇಳಿದವರಿಗೆ ಹಗುರಾದ ಸ್ಟಿಯರಿಂಗ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸರಕು ಸಾಗಿಸುವವರಿಗೆ ಬೇಡ ಎಂದದ್ದು ಇದಕ್ಕೇ.

ಏರುವ ಜಾಗ, ಇಳಿಯುವ ಜಾಗ

ಈ ವಿಷಯದ ತಿರುಳು ಒಂದೇ ಮಾತಿನಲ್ಲಿದೆ: ಅಗ್ಗದ ಲಿಫ್ಟ್, ಅಂದರೆ ಹೀಗೆ ಗಾಡಿ ಎತ್ತಿಸುವುದು, ನಿಮಗೆ ಎತ್ತರವನ್ನು ಕೊಡುತ್ತದೆ, ಗಾಲಿಯ ಓಡಾಟವನ್ನು ಹೆಚ್ಚಿಸುವುದಿಲ್ಲ.

ಪ್ರತಿ ಗಾಲಿಗೂ ಮೇಲೆ ಕೆಳಗೆ ಓಡಾಡಲು ಇಂತಿಷ್ಟು ಎಂದು ಜಾಗವಿದೆ. ಉಬ್ಬು ಬಂದಾಗ ಗಾಲಿ ಮೇಲಕ್ಕೆ ಏರಬೇಕು, ಗುಂಡಿ ಬಂದಾಗ ಕೆಳಕ್ಕೆ ಇಳಿಯಬೇಕು. ಲೆಕ್ಕ ಸುಲಭವಾಗಲಿ ಎಂದು ಒಟ್ಟು ಓಡಾಟ 200 ಮಿಲಿಮೀಟರ್ ಎಂದುಕೊಳ್ಳೋಣ. ಗಾಡಿ ಸುಮ್ಮನೆ ನಿಂತಾಗ ಗಾಲಿಗೆ ಮೇಲೆ ಏರಲು 110, ಕೆಳಗೆ ಇಳಿಯಲು 90 ಮಿಲಿಮೀಟರ್ ಇದೆ ಎನ್ನಿ. ಸ್ಪ್ರಿಂಗನ್ನು ಬಿಗಿಮಾಡಿ ಗಾಡಿಯನ್ನು 50 ಮಿಲಿಮೀಟರ್ ಎತ್ತಿದರೆ ಏರುವ ಜಾಗ 160 ಆಗುತ್ತದೆ, ಇಳಿಯುವ ಜಾಗ 40ಕ್ಕೆ ಕುಸಿಯುತ್ತದೆ. ಒಟ್ಟು ಮೊತ್ತ ಅದೇ 200. ನಿಲ್ಲುವ ಜಾಗ ಮಾತ್ರ ಬದಲಾಯಿತು.

ಇಳಿಯುವ ಜಾಗ ಕಡಿಮೆಯಾದರೆ ಏನಾಯಿತು ಎಂದು ಕೇಳಬಹುದು. ಹೌಸಿಂಗ್ ಸೊಸೈಟಿಯ ಸ್ಪೀಡ್ ಬ್ರೇಕರ್ ಹತ್ತಿ ಇಳಿಯುವಾಗ ಗಾಲಿ ಕೆಳಕ್ಕೆ ಬೀಳುತ್ತದೆ. ಬೀಳಲು ಜಾಗವಿಲ್ಲದಿದ್ದರೆ ಶಾಕ್ ಅಬ್ಸಾರ್ಬರ್ ತನ್ನ ಪೂರ್ತಿ ಉದ್ದಕ್ಕೆ ಚಾಚಿಕೊಂಡು ಟಕ್ ಎಂದು ನಿಲ್ಲುತ್ತದೆ. ಈ ಸದ್ದು ಬಂದಾಗ ಹಲವರು "ಸ್ಪ್ರಿಂಗ್ ಗಟ್ಟಿಯಾಯಿತು" ಎನ್ನುತ್ತಾರೆ. ಸ್ಪ್ರಿಂಗ್ ಮೊದಲು ಎಷ್ಟು ಗಟ್ಟಿಯಿತ್ತೋ ಈಗಲೂ ಅಷ್ಟೇ ಇದೆ. ಗಡುಸಾಗಿ ಅನಿಸುತ್ತಿರುವುದು ಗಾಲಿಗೆ ಕೆಳಗೆ ಹೋಗಲು ದಾರಿ ಇಲ್ಲದ ಕಾರಣಕ್ಕೆ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗಳ ರಸ್ತೆಯಲ್ಲಿ ಗಾಲಿ ನೆಲವನ್ನು ಬಿಡದೆ ಹಿಂಬಾಲಿಸಬೇಕು. ನೆಲ ಬಿಟ್ಟ ಗಾಲಿ ಬ್ರೇಕನ್ನೂ ಹಿಡಿಯುವುದಿಲ್ಲ, ತಿರುವನ್ನೂ ತೆಗೆದುಕೊಳ್ಳುವುದಿಲ್ಲ. ಆಫ್‌ರೋಡಿಗೆಂದು ಎತ್ತಿಸಿದ ಗಾಡಿ ಕಲ್ಲುದಾರಿಯಲ್ಲಿ ಒಂದು ಗಾಲಿಯನ್ನು ಗಾಳಿಯಲ್ಲಿ ತಿರುಗಿಸುತ್ತ ನಿಲ್ಲುವುದಕ್ಕೂ ಇದೇ ಕಾರಣ.

ಎತ್ತುವ ದಾರಿಗಳು

ವಿ-ಕ್ರಾಸ್, ಹೈಲಕ್ಸ್‌ನಂಥ ಇಂದಿನ ಪಿಕಪ್‌ಗಳಲ್ಲಿ, 2020ರ ನಂತರದ ಥಾರ್‌ನಲ್ಲಿ ಕೂಡ, ಮುಂದಿನ ಪ್ರತಿ ಗಾಲಿಗೆ ಮೇಲೊಂದು ಕೆಳಗೊಂದು ಆರ್ಮ್, ಅಂದರೆ ಗಾಲಿಯನ್ನು ಚಾಸಿಗೆ ಸೇರಿಸುವ ತೋಳು, ಇರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದರೊಳಗೊಂದು ಸೇರಿದ ಜೋಡಣೆ ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಕೂತಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ವಿಧಾನವೆಂದರೆ ಈ ಜೋಡಣೆಯ ನೆತ್ತಿಗೂ ಚಾಸಿಗೂ ನಡುವೆ ಒಂದು ಬಿಲ್ಲೆ ಸೇರಿಸುವುದು. ಇಲ್ಲಿ ಸ್ಪ್ರಿಂಗನ್ನು ಬಿಚ್ಚುವ ಗೋಜಿಲ್ಲ, ಅದರ ಬಿಗಿಯೂ ಬದಲಾಗುವುದಿಲ್ಲ. ಆದ್ದರಿಂದ ಸವಾರಿಯ ಹದ ಹೆಚ್ಚು ಕೆಡುವುದಿಲ್ಲ.

ಆದರೆ ಬಿಲ್ಲೆಯ ದಪ್ಪದಲ್ಲಿ ಅನೇಕರು ಮೋಸ ಹೋಗುತ್ತಾರೆ. ಜೋಡಣೆ ಕೂತಿರುವುದು ಆರ್ಮ್‌ನ ನಡುಮಧ್ಯದ ಆಸುಪಾಸಿನಲ್ಲಿ, ಗಾಲಿ ಇರುವುದು ಆರ್ಮ್‌ನ ತುದಿಯಲ್ಲಿ. ಹಾಗಾಗಿ ಒಂದು ಇಂಚಿನ ಬಿಲ್ಲೆ ಹಾಕಿದರೆ ಗಾಲಿಯ ಬಳಿ ಸುಮಾರು ಎರಡು ಇಂಚು ಏರುತ್ತದೆ. "ಎರಡು ಇಂಚು ಎತ್ತಬೇಕು, ಎರಡು ಇಂಚಿನ ಬಿಲ್ಲೆ ಕಡೆದುಕೊಡಿ" ಎಂದು ಲೇತ್‌ನವರಿಗೆ ಹೇಳಿದರೆ ಅವರು ಹೇಳಿದಂತೆ ಕಡೆದುಕೊಡುತ್ತಾರೆ. ಗಾಡಿ ನಾಲ್ಕು ಇಂಚಿನ ಹತ್ತಿರ ಎದ್ದು ಕೂರುತ್ತದೆ. ಆಗ ತಪ್ಪಿದ್ದು ಅವರ ಅಳತೆಯಲ್ಲ, ನಮ್ಮ ಲೆಕ್ಕ.

ಸವಾರಿ ಕೆಡದಿದ್ದರೂ ಈ ವಿಧಾನ ಬೇರೆ ಕಡೆ ಬೆಲೆ ಕೇಳುತ್ತದೆ. ಜೋಡಣೆ ಇಡಿಯಾಗಿ ಕೆಳಕ್ಕೆ ಸರಿದಿರುವುದರಿಂದ ಗಾಲಿ ಪೂರ್ತಿ ಇಳಿದಾಗ ಆರ್ಮ್‌ಗಳು ತಯಾರಕರು ಎಂದೂ ಎಣಿಸದ ಕೋನಕ್ಕೆ ಬಾಗುತ್ತವೆ. ಮೇಲಿನ ಆರ್ಮ್ ಸ್ಪ್ರಿಂಗಿಗೆ ತಗುಲಬಹುದು. ಆರ್ಮ್ ತುದಿಯಲ್ಲಿರುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ತನ್ನ ಮಿತಿಯನ್ನು ಮುಟ್ಟುತ್ತದೆ. ನಾಲ್ಕು ಗಾಲಿಗಳ ಚಾಲನೆಯ ಗಾಡಿಯಾದರೆ ಮುಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ಗಳು ಓರೆಯಾಗಿ ತಿರುಗುತ್ತವೆ, ಅವುಗಳ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿದು ಗ್ರೀಸ್ ಹೊರಗೆ ಚಿಮ್ಮುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯಾಗಿ ಎಳೆದುಕೊಳ್ಳುತ್ತವೆ. ಮೇಲ್ಮುಖದ ಓಡಾಟದಲ್ಲೂ ಕಣ್ಣಿಗೆ ಬೀಳದ ತೊಂದರೆಯೊಂದಿದೆ. ಗಾಲಿ ಪೂರ್ತಿ ಏರಿದಾಗ ಚಾಸಿಯ ರಬ್ಬರ್ ಸ್ಟಾಪರ್ ಅದನ್ನು ತಡೆಯಬೇಕು. ಬಿಲ್ಲೆ ಬಂದ ಮೇಲೆ ಆ ಸ್ಟಾಪರ್ ತಾಗುವುದಕ್ಕೆ ಮೊದಲೇ ಶಾಕ್ ಅಬ್ಸಾರ್ಬರ್ ಒಳಗೊಳಗೇ ತಳ ಮುಟ್ಟಬಹುದು. ದೊಡ್ಡ ಗುಂಡಿಯ ಪೆಟ್ಟನ್ನು ರಬ್ಬರಿನ ಬದಲು ಶಾಕ್ ಅಬ್ಸಾರ್ಬರ್‌ನ ಕೊಳವೆ ತಿನ್ನುತ್ತದೆ, ಕೆಲವು ತಿಂಗಳಲ್ಲಿ ಎಣ್ಣೆ ಸೋರುತ್ತದೆ, ಆಗ ದೂರು ಹೋಗುವುದು ಶಾಕ್ ಅಬ್ಸಾರ್ಬರ್ ಮಾಡಿದ ಕಂಪನಿಯ ಮೇಲೆ.

ಇನ್ನೊಂದು ವಿಧಾನದಲ್ಲಿ ಬಿಲ್ಲೆಯನ್ನು ಸ್ಪ್ರಿಂಗಿಗೂ ಅದರ ಪೀಠಕ್ಕೂ ನಡುವೆ ಹಾಕುತ್ತಾರೆ. ಮೇಲೆ ಹೇಳಿದ 160 ಮತ್ತು 40ರ ಲೆಕ್ಕ ಇಲ್ಲಿಗೇ ಸೇರಿದ್ದು. ಆರ್ಮ್‌ಗಳು ಹಳೆಯ ಮಿತಿಯನ್ನು ದಾಟುವುದಿಲ್ಲ, ಅದು ಒಳ್ಳೆಯದೇ. ಆದರೆ ಟಕ್ ಸದ್ದು ಖಾಯಂ. ಅದಕ್ಕಿಂತ ಮುಖ್ಯವಾಗಿ, ಸ್ಪ್ರಿಂಗನ್ನು ಕುಗ್ಗಿಸಿ ಬಿಚ್ಚುವ ಕೆಲಸ ಜೀವಕ್ಕೆ ಅಪಾಯಕಾರಿ. ಪಿಕಪ್‌ನ ಮುಂದಿನ ಸ್ಪ್ರಿಂಗನ್ನು ಬಿಚ್ಚಲು ಬೇಕಾದಷ್ಟು ಕುಗ್ಗಿಸಿದಾಗ ಅದರಲ್ಲಿ ಟನ್ನಿನ ಲೆಕ್ಕದ ಬಲ ಅಡಗಿರುತ್ತದೆ. ಗೋಡೆಗೆ ಬಿಗಿದ ಸರಿಯಾದ ಕಂಪ್ರೆಸರ್ ಇರುವ ಕಾರ್ಯಾಗಾರದಲ್ಲಿ ಮಾತ್ರ ಈ ಕೆಲಸ ನಡೆಯಬೇಕು. ಎರಡು ಕೊಕ್ಕೆ ಬೋಲ್ಟ್ ಹಾಕಿಕೊಂಡು ರಸ್ತೆಬದಿಯಲ್ಲಿ ಸ್ಪ್ರಿಂಗ್ ಒತ್ತುತ್ತಿರುವವರ ಎದುರು ನಿಲ್ಲಲೂಬಾರದು.

ಹಳೆಯ ಥಾರ್ ಸಿಆರ್‌ಡಿಇ, ಷೆವ್ರೊಲೆ ತವೇರಾ, ಕ್ವಾಲಿಸ್, ಮೊದಲ ತಲೆಮಾರಿನ ಎಂಡೆವರ್ ಇವುಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ ಇದೆ. ಇದು ಚಾಸಿಯ ಉದ್ದಕ್ಕೂ ಮಲಗಿರುವ ಉಕ್ಕಿನ ಸರಳು, ತಿರುಚಿಕೊಳ್ಳುವ ಮೂಲಕ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಸರಳಿನ ಹಿಂತುದಿಯಲ್ಲಿ ಒಂದು ಬೋಲ್ಟ್. ಅದನ್ನು ಬಿಗಿದರೆ ಗಾಡಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಒಂದು ಸ್ಪ್ಯಾನರ್ ಇದ್ದರೆ ಸಾಕು, ಬಿಡಿಭಾಗಕ್ಕೆ ಬಿಡಿಗಾಸೂ ಬೇಡ. ಇಷ್ಟು ಅಗ್ಗವಾದದ್ದರಿಂದಲೇ ಜನ ಮಿತಿ ಮೀರುತ್ತಾರೆ. ಆ ಬೋಲ್ಟ್ ಇರುವುದು ವರ್ಷಗಳ ಬಳಕೆಯಿಂದ ಕುಸಿದ ಎತ್ತರವನ್ನು ಮೂಲದ ಅಳತೆಗೆ ತರಲು. ಅಷ್ಟರ ಮಟ್ಟಿಗೆ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ, ಸರ್ವಿಸ್ ಕೈಪಿಡಿಯ ಕೆಲಸವೇ ಅದು. ಅಲ್ಲಿಂದಾಚೆಗೆ ಬಿಗಿಯುತ್ತ ಹೋದರೆ ಮೇಲಿನ ಆರ್ಮ್ ತನ್ನ ಕೆಳಗಿನ ರಬ್ಬರಿನ ಮೇಲೆ ಒರಗಿ ಕೂರುತ್ತದೆ, ಇಳಿಯುವ ಜಾಗ ಸೊನ್ನೆಯ ಹತ್ತಿರ ಬರುತ್ತದೆ. ಬಿಗಿಯುವಾಗ ಚಾಸಿಯನ್ನು ಜಾಕ್ ಮೇಲೆತ್ತಿ ಗಾಲಿಗಳನ್ನು ತೂಗುಬಿಟ್ಟಿರಬೇಕು. ಭಾರ ಹೊತ್ತ ಬೋಲ್ಟನ್ನು ತಿರುಗಿಸಿದರೆ ಅದರ ಮರೆ, ಅಂದರೆ ತಿರುಪಿನ ಸುತ್ತು, ಸವೆಯುತ್ತದೆ. ಎಡಬಲ ಎಷ್ಟು ಸುತ್ತು ಬಿಗಿದಿರಿ ಎಂದು ಬರೆದಿಡುವುದೂ ಅಷ್ಟೇ ಮುಖ್ಯ.

ಜಿಪ್ಸಿ, ಹಳೆಯ ಜೀಪುಗಳ ಮುಂಭಾಗದಲ್ಲಿ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್ ಇದೆ. ಅಲ್ಲಿ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎತ್ತುವುದುಂಟು. ಶ್ಯಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟು ಮಾತ್ರ ಗಾಡಿ ಏರುತ್ತದೆ. ಆದರೆ ಸ್ಪ್ರಿಂಗ್ ಓರೆಯಾಗಿ, ಅದರ ಜೊತೆಗೆ ಆಕ್ಸಲ್ ಕೂಡ ತಿರುಗುತ್ತದೆ. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿರುವ ಗಾಡಿಗಳಲ್ಲಿ ಇದರಿಂದ ಸ್ಟಿಯರಿಂಗನ್ನು ನೇರಕ್ಕೆ ಮರಳಿಸುವ ಕ್ಯಾಸ್ಟರ್ ಕೋನ ಕಡಿಮೆಯಾಗಿ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ. ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು ಇದಕ್ಕಿಂತ ವಾಸಿ, ಸವಾರಿ ಮಾತ್ರ ಗಡುಸಾಗುತ್ತದೆ. ಆಕ್ಸಲ್‌ಗೂ ಲೀಫ್‌ಗೂ ನಡುವೆ ಉಕ್ಕಿನ ದಿಮ್ಮಿ ಇಟ್ಟು ಎತ್ತುವುದನ್ನು ಮುಂದಿನ ಆಕ್ಸಲ್‌ನಲ್ಲಿ ಎಂದಿಗೂ ಮಾಡಿಸಬಾರದು. ಜೋರಾಗಿ ಬ್ರೇಕ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ದಿಮ್ಮಿ ಕಿತ್ತುಬಂದರೆ ಸ್ಟಿಯರಿಂಗ್ ಕೈಬಿಟ್ಟು ಹೋಗುತ್ತದೆ.

ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಒಂದು ಸುತ್ತನ್ನು ಕೆಲಸ ಮಾಡದಂತೆ ಹಿಡಿದಿಟ್ಟು ಉಳಿದ ಸುತ್ತುಗಳ ಮೇಲೆ ಹೊರೆ ಹೊರಿಸುತ್ತವೆ, ಅಷ್ಟೇ.

ಎತ್ತರದಿಂದ ಸಿಗುವುದೇನು

ಲಾಭವೇ ಇಲ್ಲ ಎಂದು ವಾದಿಸುವವನು ನಾನಲ್ಲ. ಮುಂದಿನ ಬಂಪರ್ ಮೇಲೇರುವುದರಿಂದ ಕಡಿದಾದ ಏರಿಗೆ ಮೂತಿ ಬಡಿಯದೆ ಹತ್ತುವ ಕೋನ ಹೆಚ್ಚುತ್ತದೆ. 30 ಡಿಗ್ರಿ ಇದ್ದ ಗಾಡಿಯನ್ನು 50 ಮಿಲಿಮೀಟರ್ ಎತ್ತಿದರೆ ಮೂರು ಡಿಗ್ರಿಯ ಆಸುಪಾಸು ಸೇರುತ್ತದೆ. ಹೊಲದ ಬದು ಹತ್ತಿಸುವವರಿಗೆ, ಒಣಗಿದ ಹಳ್ಳಕ್ಕೆ ಇಳಿಸುವವರಿಗೆ ಈ ಮೂರು ಡಿಗ್ರಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಇಂಜಿನ್ನಿನ ಕೆಳಗಿನ ತಗಡಿಗೂ ನೆಲಕ್ಕೂ ಅಂತರ ಹೆಚ್ಚುತ್ತದೆ. ಸ್ವಲ್ಪ ದೊಡ್ಡ ಟೈರ್ ಹಾಕಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ತಿಕ್ಕುವುದು ತಪ್ಪುತ್ತದೆ. ನೋಟವಂತೂ ಬದಲಾಗಿಯೇ ಆಗುತ್ತದೆ. ನೋಟಕ್ಕಾಗಿ ಹಣ ಖರ್ಚು ಮಾಡುವುದು ಅಪರಾಧವೇನಲ್ಲ, ಅದಕ್ಕೆ ಆಫ್‌ರೋಡಿನ ನೆಪ ಹುಡುಕುವ ಅಗತ್ಯವೂ ಇಲ್ಲ.

ಆದರೆ ಗ್ರೌಂಡ್ ಕ್ಲಿಯರೆನ್ಸ್ ಹೆಚ್ಚಿತು ಎನ್ನುವಾಗ ಎಲ್ಲಿ ಹೆಚ್ಚಿತು ಎಂದು ಕೇಳಬೇಕು. ಪಿಕಪ್‌ನಲ್ಲಿ ಕಲ್ಲಿಗೆ ಬಡಿಯುವ ಮುಖ್ಯ ಭಾಗ ಹಿಂದಿನ ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡು. ಮುಂಭಾಗವನ್ನು ಎಷ್ಟೇ ಎತ್ತಿದರೂ ಅದು ಇದ್ದಲ್ಲೇ ಇರುತ್ತದೆ, ಅದನ್ನು ಎತ್ತಬಲ್ಲದ್ದು ದೊಡ್ಡ ಟೈರ್ ಮಾತ್ರ. 245/70 ಆರ್ 16 ಟೈರಿನ ವ್ಯಾಸ ಸುಮಾರು 749 ಮಿಲಿಮೀಟರ್, 265/70 ಆರ್ 16ರದ್ದು ಸುಮಾರು 777. ವ್ಯತ್ಯಾಸದ ಅರ್ಧ, ಅಂದರೆ 14 ಮಿಲಿಮೀಟರ್, ಡಿಫರೆನ್ಷಿಯಲ್ ಕೆಳಗೆ ಸಿಗುತ್ತದೆ. ಹೆಬ್ಬೆರಳಿನ ಅಗಲವೂ ಅಲ್ಲ. ಜೊತೆಗೆ ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು ಶೇ. 3.6ರಷ್ಟು ಕಡಿಮೆ ತೋರಿಸತೊಡಗುತ್ತದೆ. ಇನ್ನೂ ಒಂದು ತಮಾಷೆಯೆಂದರೆ, ಮುಂಭಾಗ ಏರಿದಾಗ ಗಾಡಿ ಹಿಂದಿನ ಆಕ್ಸಲ್ ಸುತ್ತ ಓರೆಯಾಗುವುದರಿಂದ ಹಿಂದಿನ ಬಂಪರ್ ಎರಡು ಸೆಂಟಿಮೀಟರಿನಷ್ಟು ತಗ್ಗುತ್ತದೆ. ಹತ್ತುವಾಗ ಗಳಿಸಿದ್ದರಲ್ಲಿ ಒಂದು ಪಾಲನ್ನು ಇಳಿಯುವಾಗ ಕೊಟ್ಟಂತಾಯಿತು.

ಹೆಡ್‌ಲೈಟ್, ಬುಷ್, ಅಲೈನ್ಮೆಂಟ್

ಬಿಲ್ಲೆ ಹಾಕಿ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತು ಎಂದು ತಿಳಿಯುವುದೇ ಅಗ್ಗದ ಲಿಫ್ಟ್ ದುಬಾರಿಯಾಗುವ ಮೊದಲ ಮೆಟ್ಟಿಲು.

ಹೆಡ್‌ಲೈಟ್‌ನಿಂದ ಆರಂಭಿಸೋಣ, ಏಕೆಂದರೆ ಇದರ ಪೆಟ್ಟು ತಿನ್ನುವವರು ಬೇರೆಯವರು. ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 3,095 ಮಿಲಿಮೀಟರ್. ಮುಂದೆ 50 ಮಿಲಿಮೀಟರ್ ಎತ್ತಿದರೆ ಇಡೀ ಗಾಡಿ ಶೇ. 1.6ರಷ್ಟು, ಅಂದರೆ ಡಿಗ್ರಿಯ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು, ಹಿಂದಕ್ಕೆ ವಾಲುತ್ತದೆ. ಡಿಪ್ ಬೆಳಕನ್ನು ತಯಾರಕರು ಶೇ. 1ರ ಆಸುಪಾಸು ಕೆಳಮುಖವಾಗಿ, ಹತ್ತು ಮೀಟರಿಗೆ ಸುಮಾರು ಹತ್ತು ಸೆಂಟಿಮೀಟರ್ ಇಳಿಯುವಂತೆ, ಹೊಂದಿಸಿರುತ್ತಾರೆ. ಎರಡನ್ನೂ ಕೂಡಿ ಕಳೆದರೆ ಡಿಪ್ ಬೆಳಕು ಮೇಲ್ಮುಖವಾಯಿತು. ತಾಮ್ಹಿಣಿಯಂಥ ಘಾಟಿನ ತಿರುವಿನಲ್ಲಿ, ಮಳೆಯಲ್ಲಿ, ಎದುರಿನ ಬೈಕ್ ಸವಾರನಿಗೆ ಅದು ಹೈ ಬೀಮ್ ಆಗಿಯೇ ಕಾಣುತ್ತದೆ. ಪರಿಹಾರಕ್ಕೆ ಖರ್ಚೇನೂ ಇಲ್ಲ. ಎತ್ತಿಸುವ ಮೊದಲು ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ, ದೀಪದ ಎತ್ತರಕ್ಕಿಂತ ಬೆಳಕಿನ ಗೆರೆ ಎಷ್ಟು ಕೆಳಗಿದೆ ಎಂದು ಅಳೆದುಕೊಳ್ಳಿ. ಎತ್ತಿಸಿದ ಮೇಲೆ ಹೆಡ್‌ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಅದೇ ಅಂತರಕ್ಕೆ ತನ್ನಿ. ಮುಂದಿನ ಗಾಜಿನಲ್ಲಿ ಚಾಲಕ ಸಹಾಯದ ಕ್ಯಾಮೆರಾ ಇರುವ ಹೊಸ ಗಾಡಿಯಾದರೆ ವಿಷಯ ಇಷ್ಟು ಸುಲಭವಲ್ಲ. ಕ್ಯಾಮೆರಾದ ನೋಟವೂ ಮೇಲಾಗಿರುತ್ತದೆ, ಅದನ್ನು ಸ್ಕ್ರೂಡ್ರೈವರ್ ಸರಿಪಡಿಸುವುದಿಲ್ಲ.

ಬುಷ್‌ಗಳ ವಿಷಯ ಒಳ್ಳೆಯ ಮೆಕ್ಯಾನಿಕ್‌ಗಳಲ್ಲೂ ಕೆಲವರಿಗಷ್ಟೇ ನೆನಪಿರುತ್ತದೆ. ಆರ್ಮ್‌ಗಳು ಚಾಸಿಗೆ ಸೇರುವಲ್ಲಿ ರಬ್ಬರ್ ಬುಷ್ ಇದೆ. ರಬ್ಬರು ಹೊರಗಿನ ಉಂಗುರಕ್ಕೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಅದರ ಬೋಲ್ಟನ್ನು ಗಾಡಿ ನೆಲದ ಮೇಲೆ, ತನ್ನ ಭಾರದಲ್ಲಿ ನಿಂತಾಗಲೇ ಬಿಗಿಯಬೇಕು. ಆಗ ನಿಂತ ಸ್ಥಿತಿಯಲ್ಲಿ ರಬ್ಬರಿಗೆ ತಿರುಚು ಇರುವುದಿಲ್ಲ. ಗಾಡಿ ಜಾಕ್ ಮೇಲೆ ಇದ್ದು ಆರ್ಮ್‌ಗಳು ಜೋತುಬಿದ್ದಿರುವಾಗಲೇ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಬದುಕಬೇಕು. ಬೇಗನೆ ಬಿರಿಯುತ್ತದೆ, ಕಿರಗುಟ್ಟುತ್ತದೆ. ಲಿಫ್ಟ್ ಮಾಡಿಸಿದ ಮೇಲೆ ಎಲ್ಲ ಆರ್ಮ್ ಬೋಲ್ಟ್‌ಗಳನ್ನು ಸಡಿಲಿಸಿ, ಹೊಸ ಎತ್ತರದಲ್ಲಿ ಗಾಡಿಯನ್ನು ನೆಲಕ್ಕೆ ಇಳಿಸಿ, ಎರಡು ಸಲ ಅಲುಗಾಡಿಸಿ, ಆಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿಯಿಸಬೇಕು. ಗ್ಯಾರೇಜ್ ಆರಿಸುವಾಗ "ಆರ್ಮ್ ಬೋಲ್ಟ್ ಯಾವಾಗ ಬಿಗಿಯುತ್ತೀರಿ?" ಎಂದು ಕೇಳಿ ನೋಡಿ. ಉತ್ತರ ಕೊಡಲು ತಡಬಡಾಯಿಸಿದರೆ ನಮಸ್ಕಾರ ಹೇಳಿ ಹೊರಡಬಹುದು.

ಅಲೈನ್ಮೆಂಟ್ ಎಂದರೆ ಮೂರು ಕೋನಗಳು. ಗಾಲಿಗಳು ಮೇಲಿನಿಂದ ನೋಡಿದಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎದುರಿನಿಂದ ನೋಡಿದಾಗ ವಾಲಿರುವುದು ಕ್ಯಾಂಬರ್. ಸ್ಟಿಯರಿಂಗ್ ತಿರುಗಿಸಿದಾಗ ಗಾಲಿ ಯಾವ ಅಕ್ಷದ ಮೇಲೆ ಎಡಬಲಕ್ಕೆ ಹೊರಳುತ್ತದೋ ಅದು ಪಕ್ಕದಿಂದ ನೋಡಿದಾಗ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಎತ್ತರ ಬದಲಾದರೆ ಮೂರೂ ಬದಲಾಗುತ್ತವೆ. ಟೋ ತಪ್ಪಿದರೆ ಟೈರ್ ಗರಗಸದ ಹಲ್ಲಿನಂತೆ ಸವೆಯುತ್ತದೆ. ಪಿಕಪ್‌ನ ಎರಡು ಒಳ್ಳೆಯ ಟೈರ್‌ಗಳ ಬೆಲೆ ಸುಲಭವಾಗಿ ಇಪ್ಪತ್ತು ಸಾವಿರ ದಾಟುತ್ತದೆ, ಬಿಲ್ಲೆಯಲ್ಲಿ ಉಳಿಸಿದ್ದು ಅಲ್ಲಿಗೆ ಹೋಯಿತು. ಕ್ಯಾಸ್ಟರ್ ಅನೇಕ ಗಾಡಿಗಳಲ್ಲಿ ಕಡಿಮೆಯಾಗುತ್ತದೆ. ಊರೊಳಗೆ ಗೊತ್ತಾಗುವುದಿಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ 100ರ ವೇಗಕ್ಕೆ ಬಂದಾಗ ಸ್ಟಿಯರಿಂಗ್ ತಾನಾಗಿ ನಡುವಿಗೆ ಮರಳುವುದನ್ನು ಮರೆತಿರುವುದು ತಿಳಿಯುತ್ತದೆ. ಹಲವು ಅಲೈನ್ಮೆಂಟ್ ಅಂಗಡಿಗಳಲ್ಲಿ ಟೋ ಒಂದನ್ನೇ ಸರಿಮಾಡಿ ಕಳಿಸುತ್ತಾರೆ. ಪರದೆಯ ಮೇಲಿನ ಮೂರೂ ಅಂಕಿಗಳ ಮುದ್ರಿತ ಪ್ರತಿಯನ್ನು, ಮೊದಲಿನದು ಮತ್ತು ನಂತರದ್ದು ಎರಡನ್ನೂ, ಕೇಳಿ ಪಡೆಯಿರಿ. ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಲು ಕೆಳಗಿನ ಆರ್ಮ್‌ನಲ್ಲಿರುವ ಬೋಲ್ಟ್‌ಗಳಿಗೆ ಒಂದು ಮಿತಿಯಿದೆ. ಎತ್ತರ ಆ ಮಿತಿ ದಾಟಿದ್ದರೆ ಯಾವ ಯಂತ್ರ ತಂದರೂ ಅಂಕಿಗಳು ಹಸಿರಿಗೆ ಬರುವುದಿಲ್ಲ.

ಸ್ಟಿಯರಿಂಗನ್ನು ಗಾಲಿಗೆ ಸೇರಿಸುವ ಟೈ ರಾಡ್ ಕೂಡ ಓರೆಯಾಗಿರುತ್ತದೆ. ಅದರ ಫಲವಾಗಿ ಗಾಲಿ ಏರಿಳಿಯುವಾಗಲೆಲ್ಲ ಟೋ ತುಸು ತುಸುವೇ ಬದಲಾಗುತ್ತ, ಹದಗೆಟ್ಟ ರಸ್ತೆಯಲ್ಲಿ ಸ್ಟಿಯರಿಂಗ್ ಕೈಯಲ್ಲಿ ಮಿಸುಕಾಡುತ್ತದೆ. ಇದಕ್ಕೆ ಅಲೈನ್ಮೆಂಟ್‌ನಲ್ಲಿ ಮದ್ದಿಲ್ಲ.

ಎಷ್ಟರವರೆಗೆ ಸರಿ

ನನ್ನ ಅಭಿಪ್ರಾಯ ಕೇಳಿದರೆ: ಖಾಸಗಿ ಬಳಕೆಯ, ಹೆಚ್ಚಾಗಿ ಖಾಲಿ ಓಡುವ ಪಿಕಪ್ ಆಗಿದ್ದರೆ ಗಾಲಿಯ ಬಳಿ 25ರಿಂದ 35 ಮಿಲಿಮೀಟರ್ ಏರುವಷ್ಟು, ನೆತ್ತಿಯ ಮೇಲೆ ಕೂರುವ ಒಳ್ಳೆಯ ಬಿಲ್ಲೆ ಸಾಕು. ಅಷ್ಟಕ್ಕೆ ಮೂಲದ ಬಾಲ್ ಜಾಯಿಂಟ್, ಡ್ರೈವ್ ಶಾಫ್ಟ್‌ಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಅಲೈನ್ಮೆಂಟ್ ಕೂಡ ಮಿತಿಯೊಳಗೆ ಬರುತ್ತದೆ. 50 ಬೇಕೇ ಬೇಕು ಎನ್ನುವವರು ಬಿಲ್ಲೆಯನ್ನು ಬಿಟ್ಟು ಉದ್ದನೆಯ ಶಾಕ್ ಅಬ್ಸಾರ್ಬರ್, ಅದಕ್ಕೆ ಹೊಂದುವ ಸ್ಪ್ರಿಂಗ್, ಕೋನ ಬದಲಿಸಿದ ಮೇಲಿನ ಆರ್ಮ್ ಇರುವ ಪೂರ್ಣ ಕಿಟ್‌ಗೆ ಹಣ ಕೂಡಿಡುವುದು ಒಳಿತು. ಅದು ಸಾವಿರಗಳ ಮಾತಲ್ಲ, ಲಕ್ಷದ ಆಸುಪಾಸಿನ ಮಾತು. ಇಳಿಯುವ ಜಾಗವನ್ನು ನಿಜವಾಗಿ ಹೆಚ್ಚಿಸುವುದು ಅದೊಂದೇ. ಮುಂದೆ ಭಾರದ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ರಾಟೆ) ಕೂರಿಸಿದ್ದರಿಂದ ಮೂತಿ ಕುಸಿದಿದ್ದರೆ ಆ ಭಾರಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸುವುದೇ ಸರಿಯಾದ ದಾರಿ. ಬುಲ್ ಬಾರ್‌ನಿಂದ ಕುಸಿದಿದ್ದರೆ ಬುಲ್ ಬಾರ್ ತೆಗೆಸಿ, ಬಂಪರಿನ ಮುಂದೆ ಕೂರಿಸುವ ಆ ಲೋಹದ ಚೌಕಟ್ಟಿನ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಪುಣೆಯ ಕೋಥರೂಡಿನಲ್ಲಿರುವ ಎಆರ್‌ಎಐನಂಥ ಸಂಸ್ಥೆಗಳು ಹೊಸ ಮಾದರಿಯ ವಾಹನವನ್ನು ಪರೀಕ್ಷಿಸಿ ಅನುಮೋದಿಸುವುದು ತಯಾರಕರು ಕೊಟ್ಟ ರೂಪದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಂನಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಗಾಡಿಯ ಎತ್ತರ ಆರ್‌ಸಿಯಲ್ಲಿ ನಮೂದಾಗುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ವಾದ ಗೆಲ್ಲಬಹುದು, ಸೋಲಬಹುದು. ಅಪಘಾತವಾದ ಮೇಲೆ ವಿಮಾ ಸರ್ವೇಯರ್ ಎದುರು ಆ ವಾದ ಹೂಡುವ ಸ್ಥಿತಿ ಬರುವುದೇ ದೊಡ್ಡ ತಲೆನೋವು. ವಾರಂಟಿಯಿರುವ ಗಾಡಿಯಲ್ಲಿ ಮುಂದಿನ ಸಸ್ಪೆನ್ಷನ್ನಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತೆಯೇ ಲೆಕ್ಕ. ಸರಕು ವಾಹನವಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಿಸಬೇಕು ಎಂಬುದೂ ನೆನಪಿರಲಿ.

ಇನ್ನು ಪುಣೆಯಲ್ಲಿ ಹಳೆಯ ಪಿಕಪ್ ಕೊಂಡು ಊರಿಗೆ ಒಯ್ಯುವವರಿಗೆ ಒಂದು ಮಾತು. ಎಂಎಚ್ 12 ಅಥವಾ 14ರ ಗಾಡಿಗೆ ಇಲ್ಲಿಂದ ಎನ್‌ಒಸಿ ತೆಗೆದು, ವಿಜಯಪುರದಲ್ಲಿ ಕೆಎ 28 ಮಾಡಿಸುವಾಗ ಅಲ್ಲಿನ ಆರ್‌ಟಿಒ ಇನ್‌ಸ್ಪೆಕ್ಟರ್ ಗಾಡಿಯನ್ನು ಕಣ್ಣಾರೆ ನೋಡುತ್ತಾರೆ. ಅವರಿಗಿಂತ ಮೊದಲು ನೀವು ನೋಡಿ. ಬಾನೆಟ್ ತೆರೆದರೆ ಶಾಕ್ ಅಬ್ಸಾರ್ಬರ್ ನೆತ್ತಿಯ ಬೋಲ್ಟ್‌ಗಳು ಕಾಣುವ ಗಾಡಿಯಾದರೆ ಅವು ಹಳೆಯ ಗಾಡಿಗೆ ಹೊಂದದಷ್ಟು ಹೊಸದಾಗಿ ಹೊಳೆಯುತ್ತಿವೆಯೇ, ಗಾಲಿಯ ಒಳಗಿನಿಂದ ಇಣುಕಿದರೆ ಸ್ಪ್ರಿಂಗಿನ ಮೇಲೆ ಬೇರೆ ಬಣ್ಣದ ಬಿಲ್ಲೆ ಇದೆಯೇ ಎಂದು ಪರೀಕ್ಷಿಸಿ. ಟಾರ್ಷನ್ ಬಾರ್ ಗಾಡಿಯಾದರೆ ಹಿಂದಿನ ಹೊಂದಾಣಿಕೆ ಬೋಲ್ಟ್‌ಗಳ ಮರೆ ಎಡಬಲ ಎಷ್ಟೆಷ್ಟು ಹೊರಚಾಚಿದೆ ಎಂದು ಹೋಲಿಸಿ. ಮುಂದಿನ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಹಲ್ಲು ತಾಗಿದಂತಾದರೆ ಟೋ ಬಹಳ ದಿನಗಳಿಂದ ತಪ್ಪಿದೆ. ಡ್ರೈವ್ ಶಾಫ್ಟ್ ಬೂಟಿನ ಸುತ್ತ ಗಾಲಿಯ ಒಳಮೈಗೆ ಗ್ರೀಸ್ ಸಿಡಿದ ಗುರುತು ಇದೆಯೇ ನೋಡಿ. ಬಿಲ್ಲೆ ಇದೆ ಎಂದು ಮಾಲೀಕರೇ ಒಪ್ಪಿಕೊಂಡರೆ, ಅದನ್ನು ತೆಗೆಸಿ ಅಲೈನ್ಮೆಂಟ್ ಮಾಡಿಸುವ ಕೂಲಿಯನ್ನು, ಬುಷ್ ಮತ್ತು ಬಾಲ್ ಜಾಯಿಂಟ್‌ಗಳ ಬೆಲೆಯನ್ನು ಮಾತಿನಲ್ಲಿ ಕಡಿಮೆ ಮಾಡಿಸಿಕೊಂಡ ಮೇಲೆಯೇ ಮುಂಗಡ ಕೊಡಿ.